ತೀರಿಹೋದವರ ಹಳೆಯ ಜೀವವಿಮೆ ಹುಡುಕುತ್ತಿದ್ದೀರಾ?
ತೀರಿಹೋದವರ ಹಳೆಯ ಪಾಸ್‌ಬುಕ್‌ಗಳನ್ನು ದಯವಿಟ್ಟು ಎಸೆಯಬೇಡಿ. ವರ್ಷಾ ವರ್ಷಾ ಅದೇ ತಿಂಗಳಲ್ಲಿ ಅದೇ ಮೊತ್ತ ಹೋಗಿದ್ದರೆ ಅದು ವಿಮೆಯ ಕಂತಾಗಿರಬಹುದು. ಬೀರುವಿನ ತಳಕ್ಕೆ ಹಾಸಿದ ಪೇಪರಿನ ಅಡಿಯಲ್ಲೂ ನೋಡಿ, ಮಾಸಿದ ಒಂದು ರಸೀದಿಯಲ್ಲಿ ಪಾಲಿಸಿ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಸಾವಿನ ಸುದ್ದಿಯನ್ನು ಸಾಮಾನ್ಯವಾಗಿ ನಾವೇ ಕಂಪನಿಗೆ ತಿಳಿಸಬೇಕು, ಎಷ್ಟೋ ಸಲ ನಾಮಿನಿಗೇ ತಾನು ನಾಮಿನಿ ಅಂತ ಗೊತ್ತಿರುವುದಿಲ್ಲ ಅಲ್ವಾ! ಅವರು ಕೆಲಸ ಮಾಡಿದ ಕಡೆಯೂ ವಿಚಾರಿಸಿ, ಗುಂಪು ವಿಮೆ ಇದ್ದಿರಬಹುದು. ಕಂತು ನಿಂತಿತ್ತು ಅಂತ ಸುಮ್ನೆ ಕೈಬಿಡಬೇಡಿ, ಕೆಲವು ಪಾಲಿಸಿಗಳಲ್ಲಿ ಆಮೇಲೂ ಒಂದಿಷ್ಟು ಹಣ ಉಳಿದಿರುತ್ತದೆ. ವಿಮಾ ಕಂಪನಿಗೆ ಬರೆಯುವಾಗ ತೀರಿಹೋದವರ ಹಳೆಯ ವಿಳಾಸ, ಮದುವೆಗೆ ಮುಂಚಿನ ಹೆಸರು, ಹುಟ್ಟಿದ ದಿನಾಂಕ ಸೇರಿಸಿ. ಹಣ ಬಿಡಿಸಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನ್ ಮಾಡುವವರಿಗೆ ಒಂದು ಪೈಸೆಯೂ ಕೊಡಬೇಡಿ.