ಕಣ್ಣಿನ ನರನೋವು: ಪ್ರಶ್ನಾವಳಿಯನ್ನು ನಾನು ಓದುವ ಬಗೆ

ಕಣ್ಣು ಒಣಗುವಿಕೆಗೆಂದು ತಿಂಗಳುಗಟ್ಟಲೆ ಹನಿಗಳನ್ನು ಹಾಕಿಕೊಂಡರೂ ಉರಿ ತಗ್ಗದೆ ಬರುವವರಲ್ಲಿ ಕೆಲವರ ಕಾರ್ನಿಯಾವನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ, ಹಾನಿಯಾದ ಕಡೆ ಹಿಡಿಯುವ ಫ್ಲೋರೆಸಿನ್ ಬಣ್ಣದ ಒಂದು ಚುಕ್ಕೆಯೂ ಕಾಣುವುದಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥವರಿಗೆ "ನಿಮ್ಮ ಕಣ್ಣು ಚೆನ್ನಾಗಿದೆ" ಎಂದು ಹೇಳಿ ಕಳುಹಿಸುತ್ತಿದ್ದೆ, ಅದು ತಪ್ಪಾಗಿತ್ತು. ಕಾರ್ನಿಯಾದಲ್ಲಿ, ಮುಖದ ಸ್ಪರ್ಶ ಮತ್ತು ನೋವನ್ನು ಒಯ್ಯುವ ಟ್ರೈಜೆಮಿನಲ್ ನರದ ಎಳೆಗಳು ಬಹಳ ದಟ್ಟವಾಗಿ ಹಬ್ಬಿವೆ. ದೃಷ್ಟಿದೋಷದ ಲೇಸರ್ ಶಸ್ತ್ರಚಿಕಿತ್ಸೆಯಿಂದಲೋ ಸರ್ಪಸುತ್ತಿನಿಂದಲೋ ಆ ಎಳೆಗಳಿಗೇ ಪೆಟ್ಟಾದರೆ, ಮೇಲ್ಪದರ ವಾಸಿಯಾದ ಮೇಲೂ ನೋವು ಉಳಿಯಬಹುದು. ಅದು ಲ್ಯಾಂಪಿಗೆ ಕಾಣದು, ಕೇಳಿಯೇ ತಿಳಿಯಬೇಕು.

ಮೊದಲು ನಾನು ಬಳಸಿದ್ದು ಕಣ್ಣು ಒಣಗುವಿಕೆಯ ತೊಂದರೆಯನ್ನು ಅಳೆಯುವ ಓಎಸ್‌ಡಿಐ ಪ್ರಶ್ನಾವಳಿ. ಹಿಂದಿನ ಒಂದು ವಾರವನ್ನು ಕುರಿತ 12 ಪ್ರಶ್ನೆಗಳಿಗೆ 0ಯಿಂದ 4ರವರೆಗೆ ಅಂಕ ಕೊಡಿಸಿ, ಮೊತ್ತವನ್ನು 25ರಿಂದ ಗುಣಿಸಿ, ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿದರೆ 100ರ ಒಳಗಿನ ಒಂದು ಅಂಕ ಬರುತ್ತದೆ. 33 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರವೆಂದು ಲೆಕ್ಕ. ಆದರೆ ಅದರಲ್ಲಿ ನೇರವಾಗಿ ನೋವನ್ನು ಕೇಳುವುದು ಒಂದೇ ಪ್ರಶ್ನೆ. ಮಸುಕು ದೃಷ್ಟಿ, ಓದು, ರಾತ್ರಿ ವಾಹನ ಚಾಲನೆ ಇವೆಲ್ಲ ಸೇರಿ ಮೊತ್ತವನ್ನು ಏರಿಸುತ್ತವೆ. ಉರಿಯನ್ನಾಗಲಿ ಕರೆಂಟ್ ಹೊಡೆದಂಥ ಸೆಳೆತವನ್ನಾಗಲಿ ಅದು ಕೇಳುವುದೇ ಇಲ್ಲ. ಆದ್ದರಿಂದ ಈಗ ಅದರ ಜೊತೆಗೆ, ನರನೋವಿನ ಎನ್‌ಪಿಎಸ್‌ಐ ಪ್ರಶ್ನಾವಳಿಯನ್ನು ಕಣ್ಣಿಗೆ ಹೊಂದಿಸಿದ ರೂಪವನ್ನೂ ಕೊಡುತ್ತೇನೆ. ಉರಿ, ಒತ್ತಡ, ಇರಿತ, ಜುಮುಗುಡುವಿಕೆಗಳಿಗೂ, ಗಾಳಿ ಮತ್ತು ಬೆಳಕು ಕೆರಳಿಸುವ ನೋವಿಗೂ ಅಲ್ಲಿ 0ಯಿಂದ 10ರವರೆಗೆ ಬೇರೆ ಬೇರೆ ಅಂಕಗಳಿವೆ.

ಹಾಳೆಯನ್ನು ತುಂಬಿಸುವುದು ಯಾವ ಹನಿಯನ್ನೂ ಹಾಕುವ ಮೊದಲು. ಅನಂತರ ಪ್ರೊಪರಕೇನ್ ಎಂಬ ಅರಿವಳಿಕೆ ಹನಿ ಹಾಕಿ, ಸ್ವಲ್ಪ ಹೊತ್ತು ಕಾದು, "ಈಗ ನೋವು ಎಷ್ಟು?" ಎಂದು ಮತ್ತೆ ಕೇಳಿ ಅದೇ ಹಾಳೆಯಲ್ಲಿ ಬರೆಯುತ್ತೇನೆ. ನೋವು ಪೂರ್ತಿ ಮಾಯವಾದರೆ ಮೂಲ ಕಣ್ಣಿನ ಮೇಲ್ಪದರದ ನರಗಳಲ್ಲಿದೆ ಎಂದೂ, ಬಹುಪಾಲು ಉಳಿದರೆ ಮಿದುಳಿನ ಹಾದಿಯೂ ಸೂಕ್ಷ್ಮವಾಗಿರಬಹುದೆಂದೂ ಊಹಿಸುತ್ತೇನೆ. ಇದು ತೀರ್ಪಲ್ಲ, ದಿಕ್ಕು ಮಾತ್ರ. ಆದರೂ ಎರಡನೆಯ ಗುಂಪಿನವರಿಗೆ ಇನ್ನೊಂದು ಹನಿಯನ್ನು ಬರೆದುಕೊಡುವ ಕೈಯನ್ನು ಅದು ತಡೆದಿದೆ.

ನನ್ನನ್ನು ಹೆಚ್ಚು ಕಾಡಿದ್ದು ಭಾಷೆ. ನಮ್ಮ "ಉರಿ" ಎಂಬ ಒಂದೇ ಪದ ಎಷ್ಟೋ ಬಗೆಯ ನೋವನ್ನು ಹೊರುತ್ತದೆ. ಎಲ್ಲದಕ್ಕೂ ಅದನ್ನೇ ಗುರುತು ಹಾಕಿದವರನ್ನು ನಾನು ಕಂಡಿದ್ದೇನೆ. ಹಾಗಾಗಿ ಸೋಪಿನ ನೊರೆ ಬಿದ್ದಂತೆಯೋ, ಬಿಸಿ ಆವಿ ತಾಗಿದಂತೆಯೋ, ಮರಳು ಕೂತಂತೆಯೋ ಎಂದು ಬಿಡಿಸಿ ಕೇಳುತ್ತೇನೆ. ಹೀಗೆ ಮಾತು ಬದಲಿಸಿದ ಹಾಳೆಯ ಅಂಕವನ್ನು ಪ್ರಕಟಿತ ಗಡಿಗಳಿಗೆ ಹೋಲಿಸುವುದು ಸರಿಯಲ್ಲ. ಅದೇ ರೋಗಿಯ ಹಿಂದಿನ ಹಾಳೆಗೆ ಹೋಲಿಸಲು ಮಾತ್ರ ಬಳಸುತ್ತೇನೆ, ಪ್ರತಿ ಸಲವೂ ಅದೇ ಮಾತಿನಲ್ಲಿ ಕೇಳುತ್ತೇನೆ.

ಒಬ್ಬ ರೋಗಿಯ ಓಎಸ್‌ಡಿಐ ಮೊತ್ತ ಚಿಕಿತ್ಸೆಯ ನಂತರವೂ ಹೆಚ್ಚುಕಡಿಮೆ ಅಲ್ಲಿಯೇ ಇತ್ತು, ನಾನು ಔಷಧಿ ಬದಲಿಸುವುದರಲ್ಲಿದ್ದೆ. ಎರಡೂ ಹಾಳೆಗಳನ್ನು ಸಾಲುಸಾಲಾಗಿ ಓದಿದಾಗ ಎನ್‌ಪಿಎಸ್‌ಐನಲ್ಲಿ ಬೆಳಕಿನ ನೋವು 8ರಿಂದ 4ಕ್ಕೆ ಇಳಿದಿತ್ತು. ಓಎಸ್‌ಡಿಐನಲ್ಲಿ ಓದುವ ತೊಂದರೆಯ ಅಂಕ ಏರಿತ್ತು, ಏಕೆಂದರೆ ಅವರು ಬಹುಕಾಲದ ಮೇಲೆ ಓದಲು ಕೂತಿದ್ದರು. ಔಷಧಿಯನ್ನು ಮುಂದುವರಿಸಿದೆ.

ನಿದ್ದೆಗೆಟ್ಟವರಿಗೆ ಖಿನ್ನತೆಯ ಪಿಎಚ್‌ಕ್ಯೂ-9 ಹಾಳೆಯನ್ನೂ ಕೊಡುತ್ತೇನೆ. ಅದರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕೇಳುತ್ತದೆ. ಮೊತ್ತವನ್ನು ಕೂಡುವುದು ಸಂಜೆಗೆ ಉಳಿದರೂ ಆ ಒಂದು ಉತ್ತರವನ್ನು ರೋಗಿ ಎದುರಿಗಿರುವಾಗಲೇ ಓದುತ್ತೇನೆ, ಮತ್ತು ಅಲ್ಲಿ 0 ಇಲ್ಲದಿದ್ದರೆ ಕಣ್ಣಿನ ಮಾತನ್ನು ಬದಿಗಿಟ್ಟು ಅದನ್ನೇ ಮೊದಲು ಮಾತನಾಡುತ್ತೇನೆ.