ತೋಟಕ್ಕೆ ಪಿಕಪ್: ಲೆದರ್ ಸೀಟೋ, ಫೋರ್ ಬೈ ಫೋರೋ?

ಓಡಾಟವೆಲ್ಲ ಮಡಿಕೇರಿ–ಕುಶಾಲನಗರ ಟಾರು ರಸ್ತೆಯಲ್ಲೇ ಆದರೆ ಲೆದರ್ ಸೀಟಿನಂಥ ಸೌಕರ್ಯವಿರುವ ಕಂಫರ್ಟ್ ಮಾದರಿ ಸಾಕು. ಮಳೆಗಾಲದಲ್ಲಿ ತೋಟದ ಕೆಸರು ಏರು ಹತ್ತುವವರು ಲೋ ರೇಂಜ್ ಗೇರ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್), ಹಿಂದಿನ ಡಿಫರೆನ್ಷಿಯಲ್ ಲಾಕ್ (ಎರಡೂ ಹಿಂಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಲಾಕ್) ಇದೆಯೇ ಅಂತ ಮೊದಲು ಕೇಳಿ. ಖಾಲಿ ಪಿಕಪ್‌ನ ಹಿಂಚಕ್ರದ ಮೇಲೆ ಭಾರ ಕಡಿಮೆ; ಹಿಂಚಕ್ರಕ್ಕಷ್ಟೇ ಎಂಜಿನ್ ಬಲ ಹೋಗುವ ಟೂ ವೀಲ್ ಡ್ರೈವ್ ಗಾಡಿ ನಿಂತಲ್ಲೇ ಚಕ್ರ ತಿರುಗಿಸುವುದು ಅದಕ್ಕೇ.

ದೊಡ್ಡ ಅಲಾಯ್ ಚಕ್ರ ನೋಡಲಿಕ್ಕಷ್ಟೇ ಚಂದ. 18 ಇಂಚು ಚಕ್ರದ 265/60 ಆರ್18 ಟೈರಿನ ಪಕ್ಕದ ಗೋಡೆಯ ಎತ್ತರ 159 ಮಿ.ಮೀ., 17 ಇಂಚಿನ 265/65 ಆರ್17ರದ್ದು 172. ಕಲ್ಲುದಾರಿಯ ಪೆಟ್ಟು ತಡೆಯುವುದು ಎರಡನೆಯದೇ. ಹೈವೇ ಟೈರಿನ ಗೆರೆಗಳಲ್ಲಿ ಕೆಸರು ತುಂಬಿದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ಬೈ ಫೋರ್ ಕೂಡ ಜಾರುತ್ತದೆ. ಸನ್‌ರೂಫ್, ಲೆದರ್ ದುಡ್ಡನ್ನು ಕೆಸರು, ಕಲ್ಲುದಾರಿಗೂ ಆಗುವ ಆಲ್ ಟೆರೇನ್ ಟೈರಿಗೆ ಹಾಕಿ.

ಪಾರ್ಟ್ ಟೈಮ್ ಫೋರ್ ಬೈ ಫೋರ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವಂಥದ್ದು) ಆದರೆ ಒಣ ಟಾರಿಗೆ ಬಂದ ಕೂಡಲೇ ಟೂ ಹೈಗೆ (2H, ಅಂದರೆ ಮಾಮೂಲಿ ಟೂ ವೀಲ್ ಡ್ರೈವ್‌ಗೆ) ಹಾಕಿ. ಇಲ್ಲದಿದ್ದರೆ ತಿರುವುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ಒಂದನ್ನೊಂದು ಎಳೆದಾಡಿ, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಕೆಡುತ್ತದೆ.