ಹಲಗೆ ಮೇಲೆ ಕಟ್ಟಿದ ಏವಿಯಾನಿಕ್ಸ್ ವೈರಿಂಗ್: ನನ್ನ ಅನುಭವ

ನನ್ನ ವಿಮಾನದ ಏವಿಯಾನಿಕ್ಸ್, ಅಂದರೆ ರೇಡಿಯೋದಂಥ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಕೂರುವ ಪ್ಯಾನೆಲ್‌ನ ವೈರಿಂಗ್ ಪೂರ್ತಿ ವಿಮಾನದ ಹೊರಗೇ, ಒಂದು ಹಲಗೆ ಮೇಲೆ ಮಾಡ್ತೀನಿ ಅಂದಾಗ ಜೊತೆಯವರು ನಕ್ಕರು. ಒಳಗೆ ಕೂರಿಸುವಾಗ ಒಂದು ವೈರ್ ಗಿಡ್ಡ, ಇನ್ನೊಂದು ಉದ್ದ ಆಗುತ್ತೆ ಅನ್ನೋದು ಅವರ ವಾದ. ಈಗ ರೇಡಿಯೋ, ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಹೇಳುವ ಪೆಟ್ಟಿಗೆ), ಇಂಟರ್‌ಕಾಮ್ ಎಲ್ಲವೂ ಸರಿಯಾಗಿವೆ. ನಕ್ಕವರೇ ನನ್ನ ಹಲಗೆಯನ್ನು ಎರವಲು ಕೇಳುತ್ತಿದ್ದಾರೆ.

ಪ್ಯಾನೆಲ್ ಅಳತೆಯ ಪ್ಲೈವುಡ್ ಮೇಲೆ ಒಂದೊಂದು ಪೆಟ್ಟಿಗೆಯ ಜಾಗ ಗುರುತು ಹಾಕಿ, ಮೊಳೆ ಹೊಡೆದು ವೈರ್ ಎಳೆದೆ. ಬಹುಪಾಲು 22 ಗೇಜ್ ದಪ್ಪದ, ಟೆಫ್ಜೆಲ್ ಅನ್ನೋ ಪ್ಲಾಸ್ಟಿಕ್ ಹೊದಿಕೆಯ ವೈರ್. ಪ್ರತಿ ಕನೆಕ್ಟರ್ ಹತ್ತಿರ ಒಂದು ಗೇಣು ಜಾಸ್ತಿ ಬಿಟ್ಟಿದ್ದರಿಂದ ಗಿಡ್ಡ ಆಗುವ ಮಾತೇ ಬರಲಿಲ್ಲ. ವೈರ್‌ಗಳನ್ನು ಯಾವ ಕ್ರಮದಲ್ಲಿ ಎಳೆಯಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ರೆಡಿಮೇಡ್ ಹಾರ್ನೆಸ್‌ಗೆ (ಕಟ್ಟಿಟ್ಟ ವೈರ್‌ಗಳ ಕಂತೆ) ಹೇಳಿದ ಬೆಲೆಯಲ್ಲಿ ಇನ್ನೊಂದು ರೇಡಿಯೋ ಬರುತ್ತಿತ್ತು. ನನಗೆ ಅದರ ಮೂರನೇ ಒಂದು ಪಾಲೂ ಆಗಿರಲಿಕ್ಕಿಲ್ಲ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ತಿಂದದ್ದು ಡಿ-ಸಬ್ ಕನೆಕ್ಟರ್‌ನ ಪಿನ್‌ಗಳನ್ನು ವೈರ್‌ಗೆ ಒತ್ತಿ ಕೂರಿಸುವ ಕ್ರಿಂಪರ್. ಮೊದಲು ಕೈಗೆ ಬಂದ ಅಗ್ಗದ ಕ್ರಿಂಪರ್ ಸುಮ್ನೆ ದಂಡ. ಪಿನ್ ಗಟ್ಟಿಯಾಗಿ ಹಿಡಿದ ಹಾಗೆ ಕಾಣುತ್ತೆ, ಸ್ವಲ್ಪ ಎಳೆದರೆ ಕೈಗೇ ಬರುತ್ತೆ. ಒಂದು ಡಬ್ಬಿ ಪಿನ್ ಕಸಕ್ಕೆ ಹೋಯಿತು.

ಎಲ್ಲಕ್ಕಿಂತ ಕಾಡಿದ್ದು ಆಲ್ಟರ್ನೇಟರ್ (ಎಂಜಿನ್‌ನಿಂದ ತಿರುಗಿ ಕರೆಂಟ್ ಕೊಡುವ ಯಂತ್ರ) ಸದ್ದು. ಎಂಜಿನ್ ವೇಗ ಏರಿದಂತೆ ಹೆಡ್‌ಸೆಟ್‌ನಲ್ಲಿ ಕುಂಯ್ ಅನ್ನೋದೂ ಏರುತ್ತಿತ್ತು. ಫಿಲ್ಟರ್ ಹಾಕು ಅಂದರು. ಹಾಕಿದೆ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಶೀಲ್ಡ್‌ಗಳು (ವೈರ್ ಸುತ್ತಲಿನ ಲೋಹದ ಹೊದಿಕೆ) ಒಂದೇ ತುದಿಯಲ್ಲಿ ಗ್ರೌಂಡ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಗೆ ಸೇರಿದ್ದವು, ಗ್ರೌಂಡ್‌ಗಳೆಲ್ಲ ಫೈರ್‌ವಾಲ್ (ಎಂಜಿನ್ ಹಿಂದಿನ ಗೋಡೆ) ಮೇಲೆ ಒಂದೇ ಕಡೆ ಸೇರಿದ್ದವು. ಇನ್ನೇನು ಉಳಿಯಿತು? ಹೆಡ್‌ಸೆಟ್ ಜ್ಯಾಕ್‌ಗಳನ್ನು ಒಂದೊಂದಾಗಿ ಪ್ಯಾನೆಲ್‌ನಿಂದ ಬಿಡಿಸುತ್ತಾ ಹೋದೆ. ಒಂದನ್ನು ಬಿಡಿಸಿದ ಕೂಡಲೇ ಸದ್ದು ನಿಂತಿತು. ಕರೆಂಟ್ ತಡೆಯಲು ಹಾಕುವ ಅದರ ಇನ್ಸುಲೇಟಿಂಗ್ ವಾಷರ್ ಸೀಳಿ, ಜ್ಯಾಕ್ ಅಲ್ಯೂಮಿನಿಯಂ ಪ್ಯಾನೆಲ್‌ಗೆ ತಾಗುತ್ತಿತ್ತು. ಆಡಿಯೋ ಗ್ರೌಂಡ್‌ಗೆ ಎರಡನೇ ದಾರಿ ಆಗಿದ್ದೇ ಅಲ್ಲಿ, ಸದ್ದು ನುಸುಳಿದ್ದೂ ಅದರಿಂದಲೇ. ಹೊಸ ವಾಷರ್‌ಗೆ ಚಿಲ್ಲರೆ ಕಾಸು. ಬಿಚ್ಚಿದ ಫಿಲ್ಟರ್ ಈಗ ಡಬ್ಬಿಯಲ್ಲಿದೆ, ಬೇಕಾದವರು ಕೇಳಿ.

ನಡುವೆ ಒಂದು ಖಯಾಲಿ. ಫೈಬರ್‌ಗ್ಲಾಸ್ ರೆಕ್ಕೆ ತುದಿಯೊಳಗೆ ತಾಮ್ರದ ಪಟ್ಟಿ ಅಂಟಿಸಿ ಆಂಟೆನಾ ಮಾಡಿದೆ. ವಿಒಆರ್ (ದಿಕ್ಕು ತಿಳಿಸುವ ನೆಲದ ರೇಡಿಯೋ ಕೇಂದ್ರ) ಚೆನ್ನಾಗಿ ಬಂತು, ಯಾಕಂದ್ರೆ ಆ ಸಿಗ್ನಲ್ ಅಡ್ಡ ಪೋಲರೈಸೇಶನ್‌ನದು, ಅಂದರೆ ಅದರ ಅಲೆ ಅಡ್ಡಡ್ಡ ಆಡುತ್ತೆ, ಅಡ್ಡ ಮಲಗಿದ ಆಂಟೆನಾ ಅದನ್ನು ಹಿಡಿಯುತ್ತೆ. ಅದರಲ್ಲೇ ಮಾತಾಡಲು ಹೋದರೆ ದೂರದ ಟವರ್‌ಗೆ ಕೇಳಿಸಲೇ ಇಲ್ಲ. ಮಾತಿನ ರೇಡಿಯೋಗೆ ನೆಟ್ಟಗೆ ನಿಂತ ಆಂಟೆನಾನೇ ಬೇಕು, ಅಲ್ವಾ? ಹಾಗಾಗಿ ವಿಮಾನದ ಹೊಟ್ಟೆ ಕೆಳಗೆ ಸುಮಾರು 55-58 ಸೆಂ.ಮೀ. ಕಡ್ಡಿ ಆಂಟೆನಾ, ಅದಕ್ಕೆ ಆರ್‌ಜಿ-400 ಅನ್ನೋ ಆಂಟೆನಾ ಕೇಬಲ್. ತಾಮ್ರದ ಪಟ್ಟಿಯನ್ನು ವಿಒಆರ್‌ಗೆ ಹಾಗೇ ಬಿಟ್ಟಿದ್ದೇನೆ.